ಲೆಕ್ಕ ಹೇಳಿಕೊಡೋಕೆ ಶುರು ಮಾಡಿ ಒಂದು ವರ್ಷ ಆಯ್ತು, ಉಪಯೋಗ ಆಗ್ತಿದೆಯಾ ಅಂತಲೇ ಗೊತ್ತಾಗ್ತಿಲ್ಲ

ಶೇಷ_ಸೊನ್ನೆ · ಭಾನುವಾರ, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಗಣಿತ ಮೊದಲ ವರ್ಷ ಓದುತ್ತಿದ್ದೇನೆ, ಹಾಸ್ಟೆಲ್‌ನಲ್ಲಿದ್ದೇನೆ. ಕಳೆದ ವರ್ಷ ಚಿಕ್ಕಪ್ಪನ ಮಗ ಎಸ್ಸೆಸ್ಸೆಲ್ಸಿಯಲ್ಲಿದ್ದ. ಅವನಿಗೆ ಲೆಕ್ಕ ಹೇಳಿಕೊಡೋಣ ಅಂತ ಟೆಲಿಗ್ರಾಂನಲ್ಲಿ ಒಂದು ಗುಂಪು ಮಾಡಿದೆ. ಅವನು ಇಬ್ಬರು ಗೆಳೆಯರನ್ನು ಸೇರಿಸಿದ. ಅವರು ಇನ್ನೂ ನಾಲ್ಕು ಜನರನ್ನು ಎಳೆದು ತಂದರು. ಈಗ ಅದರಲ್ಲಿ 400ಕ್ಕೂ ಜಾಸ್ತಿ ಜನ ಇದ್ದಾರೆ. ಎಂಟನೇ ಕ್ಲಾಸಿನವರಿಂದ ಹಿಡಿದು ಬಿ.ಎಸ್ಸಿ. ಓದುವವರ ತನಕ. ಜಾಸ್ತಿ ಜನ ಕನ್ನಡ ಮೀಡಿಯಂನವರು.

ಮೊದಮೊದಲು ಖುಷಿ ಇತ್ತು. ಈಗ ಫೋನ್ ಮುಟ್ಟೋಕೇ ಬೇಜಾರು. ರಾತ್ರಿ 12ಕ್ಕೆ ಒಂದು ಫೋಟೋ ಬರುತ್ತದೆ. ಪುಸ್ತಕದ ಪುಟ, ಅರ್ಧ ನೆರಳು, ಜೊತೆಗೆ ಒಂದೇ ಸಾಲು: "ಅಣ್ಣ 7ನೇದು". ಅಷ್ಟೇ. ಏನು 7ನೇದು, ಎಲ್ಲಿ ಕಷ್ಟ ಆಯ್ತು, ಏನೂ ಇಲ್ಲ. ನಾನು ಕೂತು ಪೂರ್ತಿ ಬಿಡಿಸಿ ಕಳಿಸ್ತೀನಿ. "ಥ್ಯಾಂಕ್ಸ್ ಅಣ್ಣ" ಅಂತಾರೆ, ಒಂದು ಕೈಮುಗಿಯೋ ಚಿತ್ರ. ಮುಂದಿನ ವಾರ ಅದೇ ಹುಡುಗ ಅದೇ ತರದ ಲೆಕ್ಕ ಕೇಳ್ತಾನೆ, ಬರೀ ಸಂಖ್ಯೆ ಬೇರೆ.

ಈ ಕಡೆ ನನ್ನ ಟೋಪಾಲಜಿ ಇಂಟರ್ನಲ್ಸ್‌ನಲ್ಲಿ ಬಂದ ಅಂಕ ಹೇಳೋಕೆ ನಾಚಿಕೆ ಆಗುತ್ತೆ. ಬಿಟ್ಟುಬಿಡಲಾ? ಇಲ್ಲಾ ಬೇರೆ ರೀತಿ ಏನಾದರೂ ಮಾಡಬಹುದಾ? ಇಂಥ ಕೆಲಸ ಮಾಡಿದವರು ಇಲ್ಲಿದ್ದರೆ ಹೇಳಿ.

ಮಂಡ್ಯದ_ಬೆಲ್ಲ · ಭಾನುವಾರ, ರಾತ್ರಿ 10:51

ಬಿಡಬೇಡ ಗುರು. ನನ್ನದೂ ಒಂದು ಲೆಕ್ಕ ಇದೆ, ಹೇಳಿ ಆಮೇಲೆ ಬಿಡು. ಮಂಡ್ಯದಿಂದ ಮೈಸೂರಿಗೆ ಬೈಕಲ್ಲಿ 40ರ ಸ್ಪೀಡಲ್ಲಿ ಹೋದೆ. ವಾಪಸ್ ಅದೇ ರೋಡಲ್ಲಿ 60ರಲ್ಲಿ ಬಂದೆ. ಸರಾಸರಿ 50 ಅಲ್ವಾ? ಆಫೀಸಲ್ಲಿ ಒಬ್ಬ ಅಲ್ಲ ಅಂತಾನೆ. ನೂರು ರೂಪಾಯಿ ಬೆಟ್ ಕಟ್ಟಿದೀನಿ.

ಲೆಕ್ಕ_ಬರಲ್ಲ · ಭಾನುವಾರ, ರಾತ್ರಿ 11:05

ಕೋಪ ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆ ಇಲ್ಲ. ತಿಂಗಳಿಗೆ 100 ರೂಪಾಯಿ ಇಡಿ. 400 ಜನರಲ್ಲಿ 30 ಜನ ಉಳೀತಾರೆ, ಆ 30 ಜನ ನಿಜವಾಗಿ ಓದೋರು. ಇನ್ನೊಂದು ಮಾತು. ಈಗ ಚಾಟ್‌ಜಿಪಿಟಿಗೆ ಫೋಟೋ ಹಾಕಿದರೆ ಅರ್ಧ ನಿಮಿಷದಲ್ಲಿ ಉತ್ತರ ಬರುತ್ತದೆ. ಫೋಟೋಮ್ಯಾತ್ ಅಂತೂ ಹತ್ತು ವರ್ಷದಿಂದ ಇದೆ. ನಿಮ್ಮ ನಿದ್ದೆ ಯಾಕೆ ಹಾಳು?

ಹೈಸ್ಕೂಲ್_ಮೇಷ್ಟ್ರು · ಸೋಮವಾರ, ಬೆಳಿಗ್ಗೆ 6:20

ಹಾವೇರಿ ಜಿಲ್ಲೆಯಲ್ಲಿ 19 ವರ್ಷದಿಂದ ಗಣಿತ ಪಾಠ ಮಾಡ್ತಿದ್ದೇನೆ. ಶೇಷ ಅವರೇ, ನೀವು ಹೇಳಿದ "ಅಣ್ಣ 7ನೇದು" ಓದಿ ನಗು ಬಂತು. ನನ್ನ ಕ್ಲಾಸಿನಲ್ಲೂ ಅದೇ, "ಸರ್, ಇದು ಬರ್ತಿಲ್ಲ". ಯಾವುದು ಅಂದರೆ ಇಡೀ ಪುಟದ ಮೇಲೆ ಬೆರಳು ಆಡಿಸ್ತಾರೆ.

ಅದು ಸೋಮಾರಿತನ ಅಂತ ನಾನೂ ಬಹಳ ವರ್ಷ ಬೈದಿದ್ದೇನೆ. ಆಮೇಲೆ ಗೊತ್ತಾಯಿತು, ಎಷ್ಟೋ ಸಲ ಎಲ್ಲಿ ಸಿಕ್ಕಿಕೊಂಡಿದ್ದೇನೆ ಅಂತ ಹೇಳೋಕೆ ಮಗುವಿಗೆ ಬರೋದಿಲ್ಲ. ಅದನ್ನು ಹೇಳೋಕೆ ಬಂದರೆ ಅರ್ಧ ಲೆಕ್ಕ ಬಂದಂತೆ.

ಒಂದು ಉದಾಹರಣೆ. ಒಬ್ಬ ಹುಡುಗಿಗೆ ಪೈಥಾಗೊರಸ್ ಪ್ರಮೇಯದ ಕೆಲವು ಲೆಕ್ಕ ಏನು ಮಾಡಿದರೂ ಬರ್ತಿರಲಿಲ್ಲ. ವರ್ಗ ಸರಿ, ಕೂಡೋದು ಸರಿ, ವರ್ಗಮೂಲವೂ ಸರಿ. ಆದರೆ ಆಯತದ ಲೆಕ್ಕ ಬಂದರೆ ಪೆನ್ನು ನಿಂತುಬಿಡೋದು. ಎರಡು ದಿನ ಆದ ಮೇಲೆ ತಿಳಿಯಿತು. ನಮ್ಮ ಪುಸ್ತಕದಲ್ಲಿ ಆಯತದ ಮೂಲೆಯಿಂದ ಮೂಲೆಗೆ ಎಳೆದ ಗೆರೆ ಕರ್ಣ. ಲಂಬಕೋನ ತ್ರಿಭುಜದ ಉದ್ದನೆಯ ಬಾಹು ವಿಕರ್ಣ. ಆಯತದ ಕರ್ಣವೇ ಅದರೊಳಗಿನ ತ್ರಿಭುಜಕ್ಕೆ ವಿಕರ್ಣ. ಇಬ್ಬರೂ ಒಬ್ಬರೇ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಮಂಡ್ಯದ_ಬೆಲ್ಲ · ಸೋಮವಾರ, ಬೆಳಿಗ್ಗೆ 8:02

ಮೇಷ್ಟ್ರೇ, ಕರ್ಣ ಕುಂತಿ ಮಗ, ವಿಕರ್ಣ ದುರ್ಯೋಧನನ ತಮ್ಮ. ಇಬ್ಬರೂ ಒಬ್ಬರೇ ಹೇಗಾಗ್ತಾರೆ? ಮಗು ಹೇಳಿದ್ದೇ ಸರಿ.

ನನ್ನ ಬೈಕಿನ ಲೆಕ್ಕ ಏನಾಯ್ತು?

ಶೇಷ_ಸೊನ್ನೆ · ಸೋಮವಾರ, ಮಧ್ಯಾಹ್ನ 1:30

ಮೇಷ್ಟ್ರೇ, ನೀವು ಹೇಳಿದ್ದು ಓದಿದ ಮೇಲೆ ಹೋದ ತಿಂಗಳ ಒಂದು ಚಾಟ್ ಹುಡುಕಿ ತೆಗೆದೆ. ಒಳ್ಳೆ ದಿನಗಳೂ ಇದ್ದವು ಅಂತ ನನಗೇ ನೆನಪಾಗಲಿ ಅಂತ ಇಲ್ಲಿ ಹಾಕ್ತೀನಿ. ಹತ್ತನೇ ಕ್ಲಾಸಿನ ಹುಡುಗ, ವರ್ಗ ಸಮೀಕರಣದ ಪಾಠ. (ಅದರಲ್ಲಿ ಬರೋ ಶೋಧಕ ಅಂದರೆ ಸೂತ್ರದಲ್ಲಿ ವರ್ಗಮೂಲದ ಒಳಗಿರೋ ಸಂಖ್ಯೆ.) ಎಲ್ಲರಿಗೂ ಗೊತ್ತಿರೋ ರೈಲಿನ ಲೆಕ್ಕ. ಒಂದು ರೈಲು 360 ಕಿ.ಮೀ. ದೂರವನ್ನು ಒಂದೇ ವೇಗದಲ್ಲಿ ಹೋಗುತ್ತದೆ. ವೇಗ ಗಂಟೆಗೆ 5 ಕಿ.ಮೀ. ಜಾಸ್ತಿ ಇದ್ದಿದ್ದರೆ 1 ಗಂಟೆ ಕಡಿಮೆ ಸಾಕಾಗುತ್ತಿತ್ತು. ವೇಗ ಎಷ್ಟು?

ಹುಡುಗ: ಅಣ್ಣ ಇದಕ್ಕೆ ಉತ್ತರವೇ ಇಲ್ಲ. ಶೋಧಕ ಮೈನಸ್ ಬರ್ತಿದೆ. ಪುಸ್ತಕದಲ್ಲಿ ಪ್ರಿಂಟ್ ತಪ್ಪಾಗಿದೆ.

ನಾನು: ನಿನ್ನ ಸಮೀಕರಣ ಕಳಿಸು.

ಹುಡುಗ: 360/(ಎಕ್ಸ್+5) − 360/ಎಕ್ಸ್ = 1. ಅದರಿಂದ ಎಕ್ಸ್² + 5ಎಕ್ಸ್ + 1800 = 0. ಶೋಧಕ 25 − 7200.

ಇಲ್ಲಿ ನನಗೆ ಕೈ ತುರಿಸಿತು. ಚಿಹ್ನೆ ಉಲ್ಟಾ ಆಗಿದೆ ಅಂತ ಒಂದು ಸಾಲು ಬರೆದರೆ ಮುಗೀತಿತ್ತು. ಬರೆಯಲಿಲ್ಲ.

ನಾನು: ರೈಲು ಬೇಗ ಹೋದರೆ ಸಮಯ ಜಾಸ್ತಿ ಬೇಕಾ, ಕಡಿಮೆ ಬೇಕಾ?

ಹುಡುಗ: ಕಡಿಮೆ. ಅಷ್ಟೂ ಗೊತ್ತಿಲ್ವಾ ನಂಗೆ

ನಾನು: ಹಾಗಾದ್ರೆ 360/(ಎಕ್ಸ್+5) ದೊಡ್ಡದಾ, 360/ಎಕ್ಸ್ ದೊಡ್ಡದಾ?

ಹನ್ನೊಂದು ನಿಮಿಷ ಏನೂ ಬರಲಿಲ್ಲ. ಟೈಪ್ ಮಾಡ್ತಿದ್ದಾನೆ ಅಂತ ತೋರಿಸುತ್ತದೆ, ಮತ್ತೆ ನಿಲ್ಲುತ್ತದೆ.

ಹುಡುಗ: ಅಯ್ಯೋ ಅಣ್ಣ!! ಚಿಕ್ಕದರಿಂದ ದೊಡ್ಡದು ಕಳೆದಿದೀನಿ

ಹುಡುಗ: 40. ಇನ್ನೊಂದು −45 ಬಂತು, ಅದನ್ನ ಬಿಟ್ಟೆ. ರೈಲು ಹಿಂದಕ್ಕೆ ಹೋಗಲ್ಲ ಅಲ್ವಾ

360ನ್ನು 40ರಿಂದ ಭಾಗಿಸಿದರೆ 9 ಗಂಟೆ, 45ರಿಂದ ಭಾಗಿಸಿದರೆ 8 ಗಂಟೆ. ಸರಿಯಾಗಿದೆ ಅಂತ ಅವನೇ ತಾಳೆ ನೋಡಿ ಕಳಿಸಿದ. ಈ ಇಡೀ ಮಾತಿಗೆ ನನಗೆ 40 ನಿಮಿಷ ಹಿಡಿಯಿತು. ಬಿಡಿಸಿ ಕಳಿಸಿದ್ದರೆ ನಾಲ್ಕು ನಿಮಿಷ. ನನ್ನ ಕಷ್ಟ ಇದೇ. 400 ಜನರಿಗೆ ಹೀಗೆ ಮಾಡೋಕೆ ಆಗಲ್ಲ.

ಲೆಕ್ಕ_ಬರಲ್ಲ ಅವರಿಗೆ: ಅದೇ ಲೆಕ್ಕವನ್ನು ಅವನು ಮೊದಲು ಒಂದು ಎಐ ಆ್ಯಪ್‌ಗೆ ಹಾಕಿದ್ದನಂತೆ. ಅದು ಸರಿಯಾದ ಉತ್ತರವನ್ನೇ ಕೊಟ್ಟಿತ್ತು. "ಅದು ಹೇಳಿದ್ದು 40, ಆದರೆ ನನ್ನದು ಯಾಕೆ ತಪ್ಪು ಅಂತ ಗೊತ್ತಾಗಲಿಲ್ಲ" ಅಂತ ನನ್ನ ಹತ್ತಿರ ಬಂದಿದ್ದ. ಅವನು ತನ್ನ ಸಮೀಕರಣವನ್ನು ಅದಕ್ಕೆ ತೋರಿಸೇ ಇರಲಿಲ್ಲ ಅನ್ನೋದೂ ನಿಜ. ತೋರಿಸಿದ್ದರೆ ಅದೂ ತಪ್ಪು ಹಿಡೀತಿತ್ತೇನೋ.

ಸೇಡಂ_ಬಿಸಿಲು · ಸೋಮವಾರ, ಸಂಜೆ 5:15

ರೈಲಿನ ಹುಡುಗನ ಮಾತು ಭಾಳ ಹಿಡಿಸಿತು. ಶೋಧಕ ಮೈನಸ್ ಬಂತು, ಹಾಗಾಗಿ ಉತ್ತರ ಇಲ್ಲ ಅಂದನಲ್ಲ. ಇದನ್ನೇ ನಮ್ಮ ಕಡೆಯವರೊಬ್ಬರು ಸಾವಿರದ ನೂರು ವರ್ಷಕ್ಕೂ ಹಿಂದೆ ಬರೆದಿಟ್ಟಿದ್ದಾರೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು, ಸುಮಾರು ಕ್ರಿ.ಶ. 850. ಅವರ ಗಣಿತಸಾರಸಂಗ್ರಹದಲ್ಲಿ ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲ ಇಲ್ಲ ಅಂತ ಇದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅಂದರೆ ನಮ್ಮ ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ದಂಡೆ ಮೇಲೆ ಕೋಟೆ ಈಗಲೂ ಇದೆ. ಈಗ ಆ ಊರಿನ ಹೆಸರು ಹೇಳಿದರೆ ಜನಕ್ಕೆ ಸಿಮೆಂಟ್ ನೆನಪಾಗುತ್ತದೆ, ಅದು ಬೇರೆ ಮಾತು.

ಹಾಗಂತ ಬರೀ ಹೊಗಳೋಕೆ ಹೇಳ್ತಿಲ್ಲ. ಅದೇ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಯಾವ ಸಂಖ್ಯೆಯನ್ನಾದರೂ ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಅಂತ! ಅಂದರೆ 7ನ್ನು ಸೊನ್ನೆಯಿಂದ ಭಾಗಿಸಿದರೆ 7. ಅದು ತಪ್ಪು. ಅಷ್ಟು ದೊಡ್ಡವರೂ ಅಲ್ಲಿ ಎಡವಿದರು. ಶೇಷ ಅವರೇ, ಸೊನ್ನೆಯಿಂದ ಯಾಕೆ ಭಾಗಿಸಬಾರದು ಅಂತ ಯಾರಾದರೂ ಮಕ್ಕಳು ಕೇಳಿದರೆ ಈ ಕತೆ ಹೇಳಿ. ಮಕ್ಕಳಿಗೆ ದೊಡ್ಡವರ ತಪ್ಪು ಭಾಳ ಇಷ್ಟ.

ಡಲ್ಲಾಸ್_ಕನ್ನಡಿಗ · ಮಂಗಳವಾರ, ಬೆಳಿಗ್ಗೆ 7:48

ನಾನು ಈಗ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಪಿಎಚ್.ಡಿ. ಮಾಡುವಾಗ ನಾಲ್ಕು ವರ್ಷ ಗಣಿತದ ಪ್ರಶ್ನೋತ್ತರ ತಾಣ ಮ್ಯಾಥ್ ಸ್ಟ್ಯಾಕ್ ಎಕ್ಸ್‌ಚೇಂಜ್‌ನಲ್ಲಿ ಉತ್ತರ ಬರೆಯುತ್ತಿದ್ದೆ. ಅದು ಶುರುವಾಗಿದ್ದು 2010ರಲ್ಲಿ. ಹಾಗಾಗಿ ನಿಮ್ಮ ಬೇಜಾರು ನನಗೆ ಚೆನ್ನಾಗಿ ಗೊತ್ತು. ಅಲ್ಲಿ ಬರೀ ಪ್ರಶ್ನೆ ತಂದು ಸುರಿದರೆ ಜನ ಮೊದಲು ಕೇಳೋದು "ನೀವೇನು ಪ್ರಯತ್ನ ಮಾಡಿದಿರಿ?" ಅಂತ. ಹೊಸಬರಿಗೆ ಅದು ಬೈದಂತೆ ಕೇಳಿಸುತ್ತದೆ. ಎಷ್ಟೋ ಜನ ಮತ್ತೆ ಆ ಕಡೆ ತಲೆ ಹಾಕಲ್ಲ. ನಾನೂ ಕೆಲವರನ್ನು ಹಾಗೆ ಓಡಿಸಿದ್ದೇನೆ ಅಂತ ಈಗ ಅನ್ನಿಸುತ್ತದೆ.

ನನ್ನ ಅನುಭವದ ಮೇಲೆ ಎರಡು ಮಾತು. ಒಂದು, ಹೊತ್ತು ಗೊತ್ತು ಮಾಡಿ. ದಿನಾ ರಾತ್ರಿ ಒಂದು ಗಂಟೆ, ಆಮೇಲೆ ಫೋನ್ ಸೈಲೆಂಟ್. ಇನ್ನೊಂದು, ನೀವು ತಪ್ಪು ಬರೆದರೆ ಅದನ್ನು ಅಳಿಸಬೇಡಿ. ಒಂದು ಗೆರೆ ಎಳೆದು ಕೆಳಗೆ ಸರಿಯಾದದ್ದು ಬರೆಯಿರಿ. ಅಳಿಸಿದರೆ ಮೊದಲೇ ಓದಿ ಹೋದವನಿಗೆ ತಪ್ಪೇ ಉಳಿಯುತ್ತದೆ.

ಹಾಂ, ಪರೀಕ್ಷೆ ನಡೆಯುವ ಹೊತ್ತಿನಲ್ಲಿ ಬರುವ ಫೋಟೋಗಳ ಬಗ್ಗೆ ಹುಷಾರು.

ಶೇಷ_ಸೊನ್ನೆ · ಮಂಗಳವಾರ, ರಾತ್ರಿ 9:10

ಡಲ್ಲಾಸ್ ಅಣ್ಣ, ಕೊನೆಯ ಸಾಲು ತಡವಾಗಿ ಬಂತು. ನಾಲ್ಕು ತಿಂಗಳ ಹಿಂದೆ ಬೆಳಿಗ್ಗೆ 11ಕ್ಕೆ ಒಂದು ಫೋಟೋ ಬಂದಿತ್ತು. ಪ್ರಿಂಟ್ ಆದ ಹಾಳೆ, ಕೆಳಗೆ ಮರದ ಬೆಂಚಿನ ಅಂಚು. ಬೇಗ ಬೇಕು ಅಂದ. ಕಳಿಸಿದೆ. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದರೆ ಮೂಲೆಯಲ್ಲಿ ಇಂಟರ್ನಲ್ ಟೆಸ್ಟ್ ಅಂತ ಇತ್ತು, ಅವತ್ತಿನದೇ ತಾರೀಕು. ಹೊಟ್ಟೆಯಲ್ಲಿ ಒಂಥರಾ ಆಯಿತು. ಅವನನ್ನು ಗುಂಪಿನಿಂದ ತೆಗೆದೆ. ಆದರೆ ಕಳಿಸಿದ್ದು ವಾಪಸ್ ಬರಲ್ಲ.

ತಪ್ಪಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ. ಪಿಯುಸಿ ಹುಡುಗಿಯೊಬ್ಬಳು ಒಂದು ಸಮೀಕರಣ ಕೇಳಿದ್ದಳು. ಸೈನ್ 2ಎಕ್ಸ್ = ಸೈನ್ ಎಕ್ಸ್, 0°ಯಿಂದ 360°ವರೆಗೆ ಎಲ್ಲ ಉತ್ತರ ಬೇಕು. ನಾನು ಬಸ್ಸಿನಲ್ಲಿ ನಿಂತಿದ್ದೆ. ಎಡಗಡೆ 2 ಸೈನ್ ಎಕ್ಸ್ ಕಾಸ್ ಎಕ್ಸ್ ಆಗುತ್ತೆ. ಎರಡೂ ಕಡೆ ಸೈನ್ ಎಕ್ಸ್ ಕ್ಯಾನ್ಸಲ್. ಕಾಸ್ ಎಕ್ಸ್ = 1/2. ಉತ್ತರ 60°, 300°. ಕಳಿಸಿ ಫೋನ್ ಜೇಬಿಗೆ ಹಾಕಿಕೊಂಡೆ.

ಸೈನ್ ಎಕ್ಸ್ ಸೊನ್ನೆಯೂ ಆಗಬಹುದು. ಆಗ ಕ್ಯಾನ್ಸಲ್ ಮಾಡಿದ್ದು ಅಂದರೆ ಸೊನ್ನೆಯಿಂದ ಭಾಗಿಸಿದ್ದು. 0°, 180°, 360° ಮೂರೂ ಕೈತಪ್ಪಿ ಹೋದವು. ಐದು ಉತ್ತರದಲ್ಲಿ ಎರಡು ಕೊಟ್ಟು ಕೂತಿದ್ದೇನೆ. ಸೇಡಂ ಅವರು ಹೇಳಿದ ಮಹಾವೀರಾಚಾರ್ಯರ ಪಕ್ಕದಲ್ಲಿ ನನಗೂ ಒಂದು ಜಾಗ ಸಿಕ್ಕಿತು, ಬೇಡದ ಕಾರಣಕ್ಕೆ. ಎಂ.ಎಸ್ಸಿ. ಓದೋನು ಮಾಡೋ ತಪ್ಪಾ ಇದು?

ಪಿಸಿಎಂಬಿ_ಹುಡುಗಿ · ಬುಧವಾರ, ಸಂಜೆ 6:33

ಅಣ್ಣ, ಗುಂಪಿನಲ್ಲಿ ಈ ಚರ್ಚೆಯ ಲಿಂಕ್ ಹಾಕಿದ್ದು ನೀವೇ ಅಲ್ವಾ, ಅದಕ್ಕೆ ಬಂದೆ. ಆ ಸೈನ್ ಲೆಕ್ಕ ಕೇಳಿದ್ದು ನಾನೇ.

ಕೋಚಿಂಗ್ ಟೆಸ್ಟ್‌ನಲ್ಲಿ ಅದೇ ಬಂತು. ನೀವು ಹೇಳಿದಂಗೆ ಬರೆದೆ, ಅಂಕ ಹೋಯ್ತು. ಎರಡು ದಿನ ನಿಮ್ಮ ಮೇಲೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಮೂರನೇ ದಿನ ನೀವೇ ಗುಂಪಲ್ಲಿ "ನಾನು ತಪ್ಪು ಹೇಳಿದ್ದೆ, ಎಲ್ಲಿ ತಪ್ಪಾಯ್ತು ನೋಡಿ" ಅಂತ ಹಾಕಿದಿರಿ. ನಮ್ಮ ಸರ್‌ಗಳು ಯಾರೂ ಹಾಗೆ ಹೇಳಿದ್ದು ನಾನು ನೋಡಿಲ್ಲ. ಈಗ ಯಾವ ಲೆಕ್ಕದಲ್ಲಿ ಕ್ಯಾನ್ಸಲ್ ಮಾಡೋಕೆ ಹೋದರೂ ಕೈ ಒಂದು ಕ್ಷಣ ನಿಲ್ಲುತ್ತೆ. ಇದು ಸೊನ್ನೆ ಆಗಬಹುದಾ ಅಂತ.

ಇನ್ನೊಂದು ಹೇಳಬೇಕು. ನಾನು ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. 80 ಅಂಕದ ಪೇಪರ್‌ಗೆ 77 ಬಂದಿತ್ತು. ಫಸ್ಟ್ ಪಿಯುಸಿಗೆ ಸೈನ್ಸ್ ತಗೊಂಡೆ, ಎಲ್ಲ ಇಂಗ್ಲಿಷ್. ಲೆಕ್ಚರರ್ ಬೋರ್ಡ್ ಮೇಲೆ ವೃತ್ತ ಬರೆದು "ಟ್ಯಾಂಜೆಂಟ್ ಎಳೀರಿ" ಅಂದರು. ನನಗೆ ಗೊತ್ತಿದ್ದ ಟ್ಯಾಂಜೆಂಟ್ ಅಂದರೆ ಟ್ಯಾನ್ ಥೀಟಾ. ವೃತ್ತಕ್ಕೆ ಟ್ಯಾನ್ ಥೀಟಾ ಎಳೆಯೋದು ಹೇಗೆ? ಪಕ್ಕದವಳ ನೋಟ್ಸ್ ನೋಡಿದೆ. ಒಂದು ಗೆರೆ ವೃತ್ತವನ್ನು ಮುಟ್ಟಿಕೊಂಡು ನಿಂತಿದೆ. ಅಯ್ಯೋ, ಇದು ಸ್ಪರ್ಶಕ! ಇದರ ಮೇಲೆ ನಾನು ಎಷ್ಟು ಪ್ರಮೇಯ ಬರೆದಿದ್ದೆ. ಗೊತ್ತಿರೋ ಮನುಷ್ಯ ಬೇರೆ ಅಂಗಿ ಹಾಕ್ಕೊಂಡು ಬಂದಂಗೆ.

ಮೂರು ತಿಂಗಳು ನಾನು ದಡ್ಡಿ ಅಂದುಕೊಂಡಿದ್ದೆ. ನೀವು ಗುಂಪಲ್ಲಿ ಶೋಧಕ ಅಂದರೆ ಡಿಸ್ಕ್ರಿಮಿನೆಂಟ್, ಸಹಗುಣಕ ಅಂದರೆ ಕೋಎಫಿಶಿಯೆಂಟ್, ಅಭಾಗಲಬ್ಧ ಅಂದರೆ ಇರ್‍ಯಾಷನಲ್ ಅಂತ ಒಂದು ಪಟ್ಟಿ ಹಾಕಿದ್ರಲ್ಲ. ಅದನ್ನ ಪ್ರಿಂಟ್ ತೆಗೆಸಿ ಪುಸ್ತಕದ ಒಳಗಡೆ ಅಂಟಿಸಿದ್ದೇನೆ. ಎಲ್ಲ ಲೆಕ್ಕದ ಉತ್ತರಕ್ಕಿಂತ ಅದು ಜಾಸ್ತಿ ಉಪಯೋಗಕ್ಕೆ ಬಂತು. ನಿಜ.

ಹೈಸ್ಕೂಲ್_ಮೇಷ್ಟ್ರು · ಬುಧವಾರ, ರಾತ್ರಿ 8:15

ಆ ಪಟ್ಟಿ ನನಗೂ ಕಳಿಸಿ. ಹತ್ತನೇ ಕ್ಲಾಸು ಮುಗಿದ ಮೇಲೆ ಮಕ್ಕಳು ಟಿ.ಸಿ. ತಗೊಳ್ಳೋಕೆ ಬರ್ತಾರಲ್ಲ, ಆಗ ಒಂದೊಂದು ಪ್ರತಿ ಕೈಗೆ ಕೊಡ್ತೀನಿ. 19 ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಮಗು ನನ್ನ ಶಾಲೆಯ ಗೇಟು ದಾಟಿದ ಮೇಲೆ ಏನಾಗುತ್ತದೆ ಅಂತ ಯಾವತ್ತೂ ನೋಡಲು ಹೋಗಲಿಲ್ಲ.

ಇಬ್ಬರು_ಮಕ್ಕಳ_ಅಮ್ಮ · ಗುರುವಾರ, ಮಧ್ಯಾಹ್ನ 3:20

ನನಗೆ ನಿಮ್ಮ ಸೈನ್ ಕಾಸ್ ಗೊತ್ತಿಲ್ಲ. ರಾಣೆಬೆನ್ನೂರಿನಲ್ಲಿ ಸಣ್ಣ ಕಿರಾಣಿ ಅಂಗಡಿ ಇದೆ ನಮ್ಮದು. ದೊಡ್ಡ ಮಗ ಎಂಟನೇ ಕ್ಲಾಸು, ಈ ಅಣ್ಣನ ಗುಂಪಿನಲ್ಲಿದ್ದಾನೆ. ಮೈನಸ್ ಇಂಟು ಮೈನಸ್ ಯಾಕೆ ಪ್ಲಸ್ ಅಂತ ಕೇಳಿದ್ದನಂತೆ. ಅಣ್ಣ ಉದ್ದಕ್ಕೆ ಏನೋ ಬರೆದು ಕಳಿಸಿದ್ದರು. ಮಗನಿಗೆ ತಲೆಗೆ ಹೋಗಲಿಲ್ಲ, ನನಗೆ ತೋರಿಸಿದ, ನನಗೂ ಹೋಗಲಿಲ್ಲ.

ಆಮೇಲೆ ಅಂಗಡಿಯ ಉದ್ರಿ ಪುಸ್ತಕ ತೆಗೆದು ತೋರಿಸಿದೆ. ನೋಡು, ಇವರ ಹೆಸರಲ್ಲಿ 50 ರೂಪಾಯಿಯ ಮೂರು ಸಾಲು ಉದ್ರಿ ಇದೆ. ನಾನು ಆ ಮೂರೂ ಸಾಲು ಹೊಡೆದು ಹಾಕಿದೆ ಅಂದ್ಕೋ. ಅವರಿಗೆ ಎಷ್ಟು ಲಾಭ? 150 ಅಂದ. ಉದ್ರಿ ಅಂದರೆ ಮೈನಸ್ಸು, ಹೊಡೆದು ಹಾಕೋದು ಅಂದರೂ ಮೈನಸ್ಸು, ಬಂದದ್ದು ಲಾಭ. "ಹಂಗಾದ್ರೆ ಎಲ್ಲಾರ ಉದ್ರೀನೂ ಹೊಡೆದು ಹಾಕು ಅವ್ವಾ" ಅಂದ. ಅದು ಆಗೂದಿಲ್ಲ ಅಂದೆ.

ಗುಂಪು ಮುಚ್ಚಬೇಡಿ ಅಣ್ಣ. ನಮ್ಮೂರಲ್ಲಿ ಟ್ಯೂಶನ್‌ಗೆ ತಿಂಗಳಿಗೆ ಕೇಳೋದು ನಮ್ಮ ಕೈಲಿ ಆಗೋದಿಲ್ಲ.

ಶೇಷ_ಸೊನ್ನೆ · ಗುರುವಾರ, ರಾತ್ರಿ 9:40

ಅಮ್ಮಾ, ನೀವು ನನಗೆ ಅಣ್ಣ ಅನ್ನಬೇಡಿ, ನನಗೆ 22.

ನಾನು ಅವನಿಗೆ ಬರೆದದ್ದು ಏನು ಗೊತ್ತಾ? ಆ ವಾರ ನಮಗೆ ಆಲ್ಜೀಬ್ರಾ ಕ್ಲಾಸಿನಲ್ಲಿ ರಿಂಗ್ ಅನ್ನೋ ವಿಷಯ ನಡೆದಿತ್ತು. ಒಂದಕ್ಕೆ ಮೈನಸ್ ಒಂದು ಕೂಡಿಸಿದರೆ ಸೊನ್ನೆ. ಅದನ್ನು ಮೈನಸ್ ಒಂದರಿಂದ ಗುಣಿಸಿದರೂ ಸೊನ್ನೆ. ಬಿಡಿಸಿ ಬರೆದರೆ ಮೊದಲನೆಯದು ಮೈನಸ್ ಒಂದು, ಎರಡನೆಯದು ಮೈನಸ್ ಒಂದು ಇಂಟು ಮೈನಸ್ ಒಂದು, ಎರಡೂ ಸೇರಿ ಸೊನ್ನೆ. ಹಾಗಾಗಿ ಆ ಎರಡನೆಯದು ಪ್ಲಸ್ ಒಂದೇ ಆಗಬೇಕು. ಸರಿಯಾದ ಸಾಧನೆ. ಎಂಟನೇ ಕ್ಲಾಸಿನ ಹುಡುಗನಿಗೆ ಅದು ಬೇಕಾಗಿರಲಿಲ್ಲ. ನನಗೆ ಗೊತ್ತಿದ್ದದ್ದನ್ನು ತೋರಿಸಿಕೊಳ್ಳೋ ಆಸೆ ಇತ್ತು, ಅಷ್ಟೇ.

ಉದ್ರಿ ಪುಸ್ತಕದ ಮಾತು ಗುಂಪಿನಲ್ಲಿ ಹಾಕ್ತೀನಿ. ಯಾರು ಹೇಳಿದ್ದು ಅಂತ "ಒಬ್ಬರು ಅಂಗಡಿ ಅಮ್ಮ" ಅಂತಷ್ಟೇ ಬರೀತೀನಿ, ಪರವಾಗಿಲ್ವಾ?

ಇಬ್ಬರು_ಮಕ್ಕಳ_ಅಮ್ಮ · ಗುರುವಾರ, ರಾತ್ರಿ 9:58

ಬರೀರಿ ತಮ್ಮಾ. ಮಗನಿಗೆ ಅದನ್ನ ಓದಿ ಹೇಳ್ತೀನಿ.

ಲೆಕ್ಕ_ಬರಲ್ಲ · ಗುರುವಾರ, ರಾತ್ರಿ 11:30

ಎಲ್ಲ ಚೆನ್ನಾಗಿದೆ, ಕಣ್ಣಲ್ಲಿ ನೀರೂ ಬಂತು. ಆದರೆ ಕೆಸಿಇಟಿ ಗಣಿತದಲ್ಲಿ 60 ಪ್ರಶ್ನೆ, 80 ನಿಮಿಷ. ಒಂದಕ್ಕೆ ಒಂದು ನಿಮಿಷ 20 ಸೆಕೆಂಡ್. ಅಲ್ಲಿ ಹನ್ನೊಂದು ನಿಮಿಷ ಯೋಚನೆ ಮಾಡ್ತಾ ಕೂರೋಕೆ ಯಾರೂ ಬಿಡಲ್ಲ. ಈ ಮಕ್ಕಳಿಗೆ ಬೇಕಾಗಿರೋದು ಸೀಟು. ಅರ್ಥ ಆಮೇಲೆ ನೋಡಿದರಾಯ್ತು. ನನ್ನ ತಂಗಿ ಹಾಗೇ ಓದಿ ಇಂಜಿನಿಯರಿಂಗ್ ಸೇರಿದಳು, ಚೆನ್ನಾಗಿಯೇ ಇದ್ದಾಳೆ. ಇದನ್ನೂ ಯಾರಾದರೂ ಹೇಳಬೇಕಲ್ಲ.

ಪಿಸಿಎಂಬಿ_ಹುಡುಗಿ · ಶುಕ್ರವಾರ, ಬೆಳಿಗ್ಗೆ 5:50

ನೀವು ಹೇಳೋದು ಸುಳ್ಳಲ್ಲ. ನಾನೂ ದಿನಾ ಟೈಮ್ ಇಟ್ಟು ಬಿಡಿಸ್ತೀನಿ. ಆದರೆ ಒಂದು ನಿಮಿಷ 20 ಸೆಕೆಂಡ್‌ನಲ್ಲಿ ಬಿಡಿಸೋಕೆ ಆಗೋದು ಮೊದಲೇ ಯಾವತ್ತೋ ಹನ್ನೊಂದು ನಿಮಿಷ ಕೂತ ಲೆಕ್ಕವನ್ನ. ಅಲ್ಲಿ ಹೊಸದಾಗಿ ನೋಡಿದ್ದನ್ನ ನಾನು ಬಿಟ್ಟು ಮುಂದೆ ಹೋಗ್ತೀನಿ. ನೆಗೆಟಿವ್ ಮಾರ್ಕ್ಸ್ ಇಲ್ಲ, ಕೊನೆಗೆ ಎಲ್ಲದಕ್ಕೂ ಸುಮ್ನೆ ಒಂದು ತುಂಬಿಸ್ತೀನಿ.

ಡಲ್ಲಾಸ್_ಕನ್ನಡಿಗ · ಶುಕ್ರವಾರ, ಬೆಳಿಗ್ಗೆ 8:25

ಶೇಷ, ಇದರಲ್ಲಿ ಒಂದು ದಾರಿ ಕಾಣಿಸ್ತಿದೆ. 400 ಜನಕ್ಕೂ ನೀನೊಬ್ಬನೇ ಯಾಕೆ? ಪಿಸಿಎಂಬಿ ಹುಡುಗಿ ಹತ್ತನೇ ಕ್ಲಾಸಿನವರಿಗೆ ಹೇಳಲಿ. ಹತ್ತನೇ ಕ್ಲಾಸಿನ ರೈಲಿನ ಹುಡುಗ ಎಂಟನೇ ಕ್ಲಾಸಿನವರಿಗೆ. ತಪ್ಪಾದರೆ ತಿದ್ದೋಕೆ ಮಾತ್ರ ನೀನು. ನಾನು ಕೊನೆಯ ವರ್ಷ ಹಾಗೇ ಮಾಡಿದ್ದೆ. ಉತ್ತರ ಬರೆಯೋದು ಬಿಟ್ಟು ಬೇರೆಯವರ ಉತ್ತರ ಓದೋಕೆ ಶುರು ಮಾಡಿದೆ. ಥೀಸಿಸ್ ಮುಗಿದಿದ್ದು ಆಗಲೇ.

ಮೋಡರೇಟರ್ · ಶುಕ್ರವಾರ, ಬೆಳಿಗ್ಗೆ 10:00

ಚರ್ಚೆ ಚೆನ್ನಾಗಿ ನಡೀತಿದೆ. ಇಬ್ಬರು ಇಲ್ಲೇ ಹೋಮ್‌ವರ್ಕ್ ಫೋಟೋ ಹಾಕಿದ್ದರು, ತೆಗೆದಿದ್ದೇವೆ. ಮಂಡ್ಯದ_ಬೆಲ್ಲ ಅವರ ಬೈಕಿನ ಪ್ರಶ್ನೆ ಉಳಿಸಿಕೊಂಡಿದ್ದೇವೆ, ಅದು ಬೆಟ್ ವಿಚಾರ.

ಮಂಡ್ಯದ_ಬೆಲ್ಲ · ಶುಕ್ರವಾರ, ಬೆಳಿಗ್ಗೆ 10:04

ಐದು ದಿನ ಆಯ್ತು ಸ್ವಾಮಿ! ಇಷ್ಟೊಂದು ಲೆಕ್ಕದ ಮೇಷ್ಟ್ರುಗಳಿದ್ದೀರಿ, ಒಬ್ಬರೂ ಹೇಳ್ತಿಲ್ಲ.

ಪಿಸಿಎಂಬಿ_ಹುಡುಗಿ · ಶುಕ್ರವಾರ, ಸಂಜೆ 6:10

ಅಂಕಲ್, ನೀವು ಎಲ್ಲಿ ತನಕ ಬಂದಿದೀರಿ?

ಮಂಡ್ಯದ_ಬೆಲ್ಲ · ಶುಕ್ರವಾರ, ಸಂಜೆ 6:12

ಮೈಸೂರ್ ತನಕ. ವಾಪಸ್ಸೂ ಬಂದಿದೀನಿ. 40 ಕೂಡಿಸು 60, ಎರಡರಿಂದ ಭಾಗಿಸು, 50. ಮತ್ತೆ ಅಂಕಲ್ ಯಾರು?

ಪಿಸಿಎಂಬಿ_ಹುಡುಗಿ · ಶುಕ್ರವಾರ, ಸಂಜೆ 6:15

ಸರಿ ಅಣ್ಣ. 40ರಲ್ಲಿ ಎಷ್ಟು ಹೊತ್ತು ಓಡಿಸಿದ್ರಿ, 60ರಲ್ಲಿ ಎಷ್ಟು ಹೊತ್ತು?

ಶೇಷ_ಸೊನ್ನೆ · ಶನಿವಾರ, ರಾತ್ರಿ 8:00

ಮಂಡ್ಯದವರು ಇನ್ನೂ ಉತ್ತರ ಕೊಟ್ಟಿಲ್ಲ, ಟೈಪ್ ಮಾಡ್ತಾ ನಿಲ್ಲಿಸ್ತಾ ಇದ್ದಾರೆ ಅನ್ಸುತ್ತೆ. ಅಷ್ಟರಲ್ಲಿ ನನ್ನದು ಹೇಳ್ತೀನಿ.

ಗುಂಪು ಮುಚ್ಚೋದಿಲ್ಲ. ರಾತ್ರಿ 8ರಿಂದ 9 ಮಾತ್ರ ತೆರೆದಿರುತ್ತದೆ, ಉಳಿದ ಹೊತ್ತು ಯಾರೂ ಬರೆಯೋಕೆ ಆಗದಂತೆ ಲಾಕ್ ಮಾಡಿದ್ದೇನೆ. ಹಗಲು ಹೊತ್ತು ಪರೀಕ್ಷೆ ಫೋಟೋ ಬರೋ ಕಾಟವೂ ಅದರಿಂದಲೇ ತಪ್ಪಿತು. ಪುಸ್ತಕದ ಪುಟದ ಜೊತೆ ಅವರು ಬರೆದ ಹಾಳೆಯ ಫೋಟೋವೂ ಬೇಕು ಅಂದಿದ್ದೇನೆ. ತಪ್ಪಾಗಿದ್ದರೂ ಸರಿ, ಎರಡೇ ಸಾಲಿದ್ದರೂ ಸರಿ. ಖಾಲಿ ಹಾಳೆ ಕಳಿಸಿದರೂ ಪರವಾಗಿಲ್ಲ, "ಪ್ರಶ್ನೆಯ ಯಾವ ಪದ ಅರ್ಥ ಆಗಲಿಲ್ಲ" ಅಂತ ಬರೆದರೆ ಸಾಕು. ಮೇಷ್ಟ್ರು ಹೇಳಿದ ಕರ್ಣ, ವಿಕರ್ಣದ ಕತೆ ಓದಿದ ಮೇಲೆ ಇದನ್ನು ಸೇರಿಸಿದೆ. ಮೊದಲ ದಿನವೇ ಆರು ಜನ ಪದ ಕೇಳಿದರು, ಲೆಕ್ಕ ಕೇಳಲಿಲ್ಲ. ಪದ ಹೇಳಿದ ಮೇಲೆ ಅದರಲ್ಲಿ ನಾಲ್ಕು ಜನ ತಾವೇ ಬಿಡಿಸಿಕೊಂಡರು.

ಬೇಸರ ಮಾಡಿಕೊಂಡು 60 ಜನ ಗುಂಪು ಬಿಟ್ಟು ಹೋದರು. "ಈಗ ಅಣ್ಣನಿಗೆ ಅಹಂಕಾರ" ಅಂತ ಒಬ್ಬ ಬರೆದು ಹೋದ. ಒಂದು ದಿನ ಚುಚ್ಚಿತು.

ರೈಲಿನ ಹುಡುಗನಿಗೆ ಎಂಟನೇ ಕ್ಲಾಸಿನವರನ್ನು ನೋಡಿಕೋ ಅಂದಿದ್ದೇನೆ. ನಿನ್ನೆ ಅವನ ಚಾಟ್ ಇಣುಕಿ ನೋಡಿದೆ. ಪಾಪದ ಮಗುವಿಗೆ "ಅಷ್ಟೂ ಗೊತ್ತಿಲ್ವಾ ನಿಂಗೆ" ಅಂತ ಕೇಳಿದ್ದಾನೆ. ಅದನ್ನು ತಿದ್ದಬೇಕು.

ಮಂಡ್ಯದ_ಬೆಲ್ಲ · ಭಾನುವಾರ, ಬೆಳಿಗ್ಗೆ 11:17

48!!

ನಮ್ಮನೆಯಿಂದ ಮೈಸೂರು 45 ಕಿ.ಮೀ. ಅಂತ ಇಟ್ಕೊಂಡೆ. ಹೋಗುವಾಗ 67 ನಿಮಿಷದ ಮೇಲೆ ಅರ್ಧ ನಿಮಿಷ. ಬರುವಾಗ 45 ನಿಮಿಷ. ಒಟ್ಟು 90 ಕಿ.ಮೀ.ಗೆ ಹೆಚ್ಚುಕಮ್ಮಿ 112 ನಿಮಿಷ. ನಿಧಾನಕ್ಕೆ ಜಾಸ್ತಿ ಹೊತ್ತು ಓಡಿಸಿದೀನಿ, ಅದಕ್ಕೇ ಸರಾಸರಿ ಆ ಕಡೆ ವಾಲುತ್ತೆ. ನೂರು ರೂಪಾಯಿ ಹೋಯ್ತು. ಹುಡುಗಿ, ನೀನು ಸುಮ್ನೆ 48 ಅಂದಿದ್ರೆ ಈ ವಾರಾನೂ ಬೆಟ್ ಕಟ್ತಿದ್ದೆ.

ಈಗ ಆಫೀಸಿನವನು ಇನ್ನೊಂದು ಕೇಳಿದಾನೆ. ಹೋಗುವಾಗ 40ರಲ್ಲೇ ಹೋದೆ. ಒಟ್ಟು ಸರಾಸರಿ 80 ಆಗಬೇಕಾದರೆ ವಾಪಸ್ ಎಷ್ಟರಲ್ಲಿ ಬರಬೇಕು? 120 ಅನ್ನೋಕೆ ಹೊರಟಿದ್ದೆ, ಬಾಯಿ ಮುಚ್ಕೊಂಡು ಲೆಕ್ಕ ಹಾಕಿದೆ. 90 ಕಿ.ಮೀ.ಗೆ 80ರಂತೆ 67 ನಿಮಿಷ ಅರ್ಧ. ಅಷ್ಟೂ ಹೋಗೋದರಲ್ಲೇ ಮುಗಿದಿದೆ. ವಾಪಸ್ ಬರೋಕೆ ಉಳಿದ ಸಮಯ ಸೊನ್ನೆ. 45ನ್ನು ಸೊನ್ನೆಯಿಂದ ಭಾಗಿಸಬೇಕು.

ಸೇಡಂ ಅಣ್ಣ, ನಿಮ್ಮ ಮಹಾವೀರಾಚಾರ್ಯರು ಏನಂತಾರೆ?

ಸೇಡಂ_ಬಿಸಿಲು · ಭಾನುವಾರ, ಬೆಳಿಗ್ಗೆ 11:40

45ರಲ್ಲಿ ಬಾ ಅಂತಾರೆ. ಹೆಲ್ಮೆಟ್ ಹಾಕ್ಕೋ.